ಅಪ್ಪೆ, ಅಮ್ಮೆ ಮತ್ತು ತುಟಿ ಓದುವ ಮಗು

ಜೂನ್ ಬಂತೆಂದರೆ ಉಡುಪಿ, ಮಂಗಳೂರು ಕಡೆಯ ಕೆಲವು ಮನೆಗಳಲ್ಲಿ ಒಂದೇ ಮಂಡೆಬಿಸಿ. ಕಿವಿ ಕೇಳದ ಮಗುವನ್ನು ಎಲ್ಲಿಗೆ ಸೇರಿಸುವುದು? ಟ್ರಸ್ಟ್ ನಡೆಸುವ ಹಾಸ್ಟೆಲ್ ಶಾಲೆಗೋ, ಮನೆ ಹತ್ತಿರದ ಮಾಮೂಲಿ ಶಾಲೆಗೋ? ಕಿವಿಗೆ ಇಂಪ್ಲಾಂಟ್ ಆಪರೇಷನ್ ಆಗಿದೆಯಲ್ಲ, ಇನ್ನು ವಿಶೇಷ ಶಾಲೆ ಯಾಕೆ ಎನ್ನುತ್ತಾರೆ ನೆಂಟರು. ಕೈಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂದು ಹೆದರಿಸುವವರೂ ಇದ್ದಾರೆ. ಅತ್ತ ಹಾಸ್ಟೆಲ್‌ನಲ್ಲಿ ಮಂಚಗಳು ಖಾಲಿ ಬೀಳುತ್ತಿವೆ. ಇದೆಲ್ಲ ಹೇಗೆ ಹೀಗೆ ಸಿಕ್ಕಾಯಿತು?

ಜಗಳ ನಮ್ಮೂರಿನದ್ದಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರು ಸಮ್ಮೇಳನ ಸೇರಿದರು. ಬಂದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕಿವಿ ಕೇಳುವವರೇ. ತರಗತಿಯಲ್ಲಿ ಸನ್ನೆ ಬೇಡ, ಬಾಯಿಮಾತನ್ನೇ ಕಲಿಸಬೇಕು ಎಂದು ಠರಾವು ಮಾಡಿದರು. ಅದೇ ಸಮ್ಮೇಳನದ ಮುಂದಿನ ತಲೆಮಾರು 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಆ ಠರಾವಿಗೆ ವಿಷಾದ ಹೇಳಿತು. ನಡುವೆ ಹೋದದ್ದು 130 ವರ್ಷ. ಅಷ್ಟರಲ್ಲಿ ಮುಂಬೈ, ಕೋಲ್ಕತ್ತದಲ್ಲಿ ಶಾಲೆಗಳಾದವು, 1965ರಲ್ಲಿ ಮೈಸೂರಿಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು, ಮುಂದೆ ಮಂಗಳೂರು, ಮಣಿಪಾಲದ ಕಾಲೇಜುಗಳಲ್ಲೂ ಕಿವಿ ಪರೀಕ್ಷೆ, ಸ್ಪೀಚ್ ಥೆರಪಿ ಕಲಿಸತೊಡಗಿದರು. ನಮ್ಮಲ್ಲೂ ಬಹಳಷ್ಟು ಶಾಲೆಗಳು ಹಿಡಿದದ್ದು ಮಾತಿನ ದಾರಿಯನ್ನೇ. ಮಗು ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕು, ಗಂಟಲು ಮುಟ್ಟಿ ಅದುರು ತಿಳಿದು ಸ್ವರ ಹೊರಡಿಸಬೇಕು.

ತುಟಿ ಓದುವುದೆಂದರೆ ಏನೆಂದು ಒಮ್ಮೆ ಕನ್ನಡಿ ಮುಂದೆ ನಿಂತು ನೋಡಿ. ಪ, ಬ, ಮ ಮೂರಕ್ಕೂ ತುಟಿ ಮುಚ್ಚಿ ತೆರೆಯುವುದು ಒಂದೇ ಥರ. ಕ, ಗ ಅಂತೂ ಕಾಣುವುದೇ ಇಲ್ಲ, ಅವು ಹುಟ್ಟುವುದು ಬಾಯಿಯ ಹಿಂದೆ. ನಮ್ಮ ತುಳು ಮನೆಗಳಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಶಾಲೆಗೆ ಹೋದರೆ ಕನ್ನಡದಲ್ಲಿ ಅಪ್ಪ ತಂದೆ, ಅಮ್ಮ ತಾಯಿ. ಸದ್ದು ತೆಗೆದುಬಿಟ್ಟರೆ ಅಪ್ಪೆಗೂ ಅಮ್ಮೆಗೂ, ಅಪ್ಪನಿಗೂ ಅಮ್ಮನಿಗೂ ವ್ಯತ್ಯಾಸವೇ ಇಲ್ಲ! ಇದನ್ನು ತಿಳಿಯಲಿಲ್ಲವೆಂದು ಎಷ್ಟು ಮಕ್ಕಳು 'ಬುದ್ಧಿ ಮಂದ' ಎನಿಸಿಕೊಂಡರೋ.

ಆಮೇಲೆ ಬಂದದ್ದು ಕಿವಿಯ ಮಿಷನ್ ಕಾಲ. ದಾನಿಗಳು ಶಿಬಿರ ಮಾಡಿ ಹಿಯರಿಂಗ್ ಏಡ್ ಹಂಚಿದರು, ಫೋಟೋ ತೆಗೆದರು. ಮಿಷನ್ ಕಿವಿಯಲ್ಲಿ ಸರಿಯಾಗಿ ಕೂರಬೇಕಾದರೆ ಆ ಕಿವಿಯದೇ ಅಚ್ಚು ಬೇಕು. ಬೆಳೆಯುವ ಮಗುವಿಗೆ ಅಚ್ಚು ಮತ್ತೆ ಮತ್ತೆ ಮಾಡಿಸಬೇಕು. ಇಲ್ಲದಿದ್ದರೆ ಸಂದಿನಿಂದ ಸದ್ದು ಸೋರಿ ಮಿಷನ್ ಕೀ ಎಂದು ಶಿಳ್ಳೆ ಹಾಕುತ್ತದೆ. ಮಗುವಿಗೆ ಅದು ಕೇಳಿಸುವುದಿಲ್ಲ, ಮನೆಯವರಿಗೆ ಕೇಳಿಸುತ್ತದೆ. ಸಿಟ್ಟು ಬಂದು ಕಪಾಟಿನಲ್ಲಿಡುತ್ತಾರೆ. ಮಿಷನ್ ಕೊಡಿಸಲು ಜನ ಸಿಗುತ್ತಾರೆ, ಅಚ್ಚು ಮಾಡಿಸಲು ಸಿಗುವುದಿಲ್ಲ. ಟ್ರಸ್ಟ್‌ಗಳ ಲೆಕ್ಕದ ಪುಸ್ತಕ ನೋಡಿದವರಿಗೆ ಇದು ಗೊತ್ತು. ಹುಟ್ಟುಹಬ್ಬಕ್ಕೆ ಒಂದು ಹೊತ್ತಿನ ಊಟ ಕೊಡುವವರು ಸಾಲಾಗಿ ಬರುತ್ತಾರೆ, ಥೆರಪಿ ಟೀಚರ್ ಸಂಬಳಕ್ಕೆ ಮಾತ್ರ ಟ್ರಸ್ಟಿಗಳು ಪ್ರತಿ ತಿಂಗಳೂ ಫೋನ್ ಹಿಡಿಯಬೇಕು.

ಇಂಪ್ಲಾಂಟ್ ಬಂದ ಮೇಲೆ ಲೆಕ್ಕವೇ ಬದಲಾಯಿತು. ಕಾಕ್ಲಿಯರ್ ಇಂಪ್ಲಾಂಟ್ ಎಂದರೆ ಆಪರೇಷನ್ ಮಾಡಿ ಕೂರಿಸುವ, ಸದ್ದನ್ನು ನೇರ ಕಿವಿಯ ನರಕ್ಕೆ ಮುಟ್ಟಿಸುವ ಯಂತ್ರ. ಒಂದು ಭಾಗ ತಲೆಯ ಚರ್ಮದ ಒಳಗೆ, ಇನ್ನೊಂದು ಹೊರಗೆ ಕಿವಿಯ ಹಿಂದೆ, ನಡುವೆ ಆಯಸ್ಕಾಂತದ ಹಿಡಿತ. ಖರ್ಚು ಲಕ್ಷಗಳಲ್ಲಿ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಯೋಜನೆ ಇದನ್ನು ಬಡವರ ಮಕ್ಕಳಿಗೂ ತಲುಪಿಸಿದವು. ಒಳ್ಳೆಯ ಕೆಲಸವೇ. ಎರಡು ಮೂರು ವರ್ಷದೊಳಗೆ ಆಪರೇಷನ್ ಆದ ಮಕ್ಕಳು ಚೆನ್ನಾಗಿ ಮಾತಾಡುವುದನ್ನು ನಾನೇ ನೋಡಿದ್ದೇನೆ. ಆದರೆ ಆಪರೇಷನ್ ಮುಗಿದ ದಿನ ಕೇಳುವಿಕೆ ಶುರುವಾಗುವುದಿಲ್ಲ, ಕಲಿಕೆ ಶುರುವಾಗುತ್ತದೆ. ವರ್ಷಗಟ್ಟಲೆ ಥೆರಪಿ ಬೇಕು. ಬೈಂದೂರಿನ ಒಳಗಿನಿಂದ ಮಣಿಪಾಲಕ್ಕೆ ವಾರಕ್ಕೆರಡು ಸಲ ಬಂದು ಹೋಗುವ ತಾಯಿಯ ಬಸ್ ಚಾರ್ಜು, ಹೋದ ಕೂಲಿ ಯಾವ ಯೋಜನೆಯಲ್ಲಿದೆ? ನಮ್ಮ ಮಳೆಗಾಲ ಬೇರೆ. ತೇವಕ್ಕೆ ಹೊರಗಿನ ಯಂತ್ರ ಕೆಡುತ್ತದೆ. ನನಗೆ ಗೊತ್ತಿರುವ ಮನೆಯಲ್ಲಿ ಅದನ್ನು ರಾತ್ರಿ ಸಿಲಿಕಾ ಮಣಿಗಳ ಡಬ್ಬಿಯಲ್ಲಿಡುತ್ತಾರೆ. ಮಣಿ ನೀಲಿಯಿದ್ದರೆ ಸರಿ. ಆಟಿ ತಿಂಗಳಲ್ಲಿ ನೋಡನೋಡುತ್ತ ಗುಲಾಬಿಗೆ ತಿರುಗುತ್ತವೆ, ಮತ್ತೆ ಬಿಸಿ ಮಾಡಿ ಒಣಗಿಸಬೇಕು. ಡಬ್ಬಿ ಮುಚ್ಚಿದ ಮೇಲೆ ಮಗು ಬೆಳಗಿನವರೆಗೆ ಪೂರ್ತಿ ಕಿವುಡೇ ಅಲ್ವಾ? ಆಗ ಮಾತಾಡಿಸುವುದು ಹೇಗೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ.

ಇತ್ತ ವಿಶೇಷ ಶಾಲೆಗಳಿಗೆ ಮಕ್ಕಳು ಕಮ್ಮಿಯಾದರು. ಕಾರಣ ಇಂಪ್ಲಾಂಟ್ ಒಂದೇ ಅಲ್ಲ, ಪಕ್ಕದ ಶಾಲೆಯಲ್ಲೇ ಓದಲಿ ಎಂಬ ನೀತಿಯೂ ಹೌದು, ಬಸುರಿಗೆ ಬಂದರೆ ಹುಟ್ಟುವ ಮಗುವಿನ ಕಿವಿ ಕೆಡಿಸಬಲ್ಲ ರುಬೆಲ್ಲಾ ರೋಗಕ್ಕೆ 2017ರಿಂದ ರಾಜ್ಯದಲ್ಲಿ ಹಾಕುತ್ತಿರುವ ಲಸಿಕೆಯಂಥ ಒಳ್ಳೆಯ ಕಾರಣಗಳೂ ಸೇರಿಕೊಳ್ಳುತ್ತವೆ. ಆದರೆ ಈ ಶಾಲೆಗಳಿಗೆ ಸರ್ಕಾರದ ಶಿಶು ಕೇಂದ್ರಿತ ಅನುದಾನ ಬರುವುದು ಮಕ್ಕಳ ತಲೆ ಎಣಿಸಿ. ಮಕ್ಕಳು ಕಮ್ಮಿಯಾದರೆ ದುಡ್ಡೂ ಕಮ್ಮಿ, ಅನುಭವವಿದ್ದ ಟೀಚರ್ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಮಾಮೂಲಿ ಶಾಲೆಯಲ್ಲಿ ಪಾಠ ತಲೆಗೆ ಹೋಗದ ಮಗು ಹತ್ತು ಹನ್ನೊಂದು ವರ್ಷಕ್ಕೆ ವಿಶೇಷ ಶಾಲೆಗೆ ವಾಪಸು ಬರುವಾಗ ಅಲ್ಲಿ ಕಲಿಸುವವರಿರುವುದಿಲ್ಲ. ಅಷ್ಟು ಹೊತ್ತಿಗೆ ಆ ಮಗುವಿಗೆ ಮಾತೂ ಪೂರ್ತಿ ಇಲ್ಲ, ಸನ್ನೆಯೂ ಇಲ್ಲ.

ಸನ್ನೆ ಭಾಷೆಗೆ ಬೆಲೆ ಬಂದದ್ದು ಬಹಳ ತಡವಾಗಿ. ದೆಹಲಿಯಲ್ಲಿ ಅದರ ಸಂಶೋಧನಾ ಕೇಂದ್ರವಾದದ್ದು 2015ರಲ್ಲಿ, 3,000 ಪದಗಳ ಮೊದಲ ನಿಘಂಟು 2018ರಲ್ಲಿ, 2021ಕ್ಕೆ ಅದು 10,000 ಪದಕ್ಕೆ ಬೆಳೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡನೇ, ಮೂರನೇ ಭಾಷೆಯ ಪಾಠದಿಂದ ವಿನಾಯಿತಿಗೂ ದಾರಿ ಮಾಡಿತು. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಂದು ನಾಲ್ಕು ನಾಲಿಗೆ ತಿರುಗಿಸುವ ಊರಲ್ಲಿ ಈ ಮಕ್ಕಳ ಭಾಷೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮಾನ್ಯ ಭಾಷೆಗಳ ಪಟ್ಟಿಯಿರುವ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಕಾಯುವ ಸಂಕಟ ತುಳುವರಾದ ನಮಗೆ ಗೊತ್ತಿಲ್ಲದ್ದೇನಲ್ಲ.

ಈಗ ಕೆಲವು ಕಡೆ ಶನಿವಾರ ಪಾಲಕರಿಗೇ ಸನ್ನೆ ಕಲಿಸುತ್ತಾರೆ. ಅಂಥದ್ದೊಂದು ಕ್ಲಾಸಿನ ಹಿಂದಿನ ಬೆಂಚಲ್ಲಿ ನಾನೂ ಕೂತಿದ್ದೆ. ಮೂಗುತಿಯ ಜಾಗಕ್ಕೆ ಬೆರಳಿಟ್ಟರೆ ಅಮ್ಮ, ಮೀಸೆ ತಿರುವಿದರೆ ಅಪ್ಪ. ತುಟಿಯಲ್ಲಿ ಒಂದೇ ಥರ ಕಂಡಿದ್ದ ಇಬ್ಬರೂ ಇಲ್ಲಿ ಬೇರೆ ಬೇರೆ. ಅಂದು ಬೆಂಚು ತುಂಬ ಮೂಗುತಿಯ ಕಡೆಯವರೇ. ಮೀಸೆಯ ಕಡೆಯವರು ಇಬ್ಬರೇ ಇದ್ದರು, ಅದರಲ್ಲಿ ಒಬ್ಬರು ಆಟೋ ಡ್ರೈವರ್, ಹೆಂಡತಿಯನ್ನು ಬಿಡಲು ಬಂದವರು ಮಳೆಗೆಂದು ಒಳಗೆ ಕೂತದ್ದು.