ಕೀ ಇಲ್ಲದ ರೂಟರ್‌ಗೂ ಟೈಮ್ ಹೇಗೆ ಸಿಗುತ್ತಿದೆ?

ಪ್ರಶ್ನೆ: ಬೆಳಗಾವಿ ಉದ್ಯಮಬಾಗದ ನಮ್ಮ ಫೌಂಡ್ರಿಯ ಸಿಸ್ಕೊ ರೂಟರ್ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ) ಸರ್ವರ್ ಆಗಿದೆ. ಅಥೆಂಟಿಕೇಶನ್ (ಅಸಲಿತನದ ಪರೀಕ್ಷೆ) ಆನ್ ಮಾಡಿ ಕೀ, ಅಂದರೆ ಗುಟ್ಟಿನ ಪದ, ಹಾಕಿದ್ದೇನೆ. ಆದರೂ ಬಾಗಲಕೋಟೆ ಆಫೀಸಿನ ರೂಟರ್ ಕೀ ಇಲ್ಲದೆಯೇ ಟೈಮ್ ತಗೊಳ್ತಿದೆ. ಎಲ್ಲಿ ತಪ್ಪಾಗಿದೆ ಸರ್?

ಉತ್ತರ: ತಪ್ಪಾಗಿಲ್ಲ. ಅಂಗಡಿಯಲ್ಲಿ ನೋಟು ಅಸಲಿಯೋ ನಕಲಿಯೋ ಅಂತ ನೋಡುವುದು ಯಾರು? ತಗೊಳ್ಳುವವರು, ಅಲ್ವಾ? ಎನ್‌ಟಿಪಿಯಲ್ಲೂ ಹಾಗೇ. ಬಂದ ಟೈಮ್ ನಂಬಬಹುದೋ ಇಲ್ಲವೋ ಅಂತ ಪರೀಕ್ಷಿಸುವುದು ಕ್ಲೈಂಟ್, ಅಂದರೆ ಟೈಮ್ ಕೇಳುವ ರೂಟರ್. ಕೀ ಇಲ್ಲದೆ ಕೇಳಿದವರಿಗೂ ಸರ್ವರ್ ಉತ್ತರ ಕೊಡುತ್ತದೆ.

ಹಾಗಾಗಿ ಮುಖ್ಯ ಕೆಲಸ ಇರುವುದು ಬಾಗಲಕೋಟೆ ಕಡೆ. ಮೊದಲು ಈ ಮೂರು ಸಾಲು ಎರಡೂ ರೂಟರ್‌ನಲ್ಲಿ ಇರಲಿ (10 ಅನ್ನುವುದು ಕೀ ನಂಬರ್, ಎಂಡಿ5 ಅನ್ನುವುದು ಪರೀಕ್ಷೆಯ ವಿಧಾನ):

ಎನ್‌ಟಿಪಿ ಅಥೆಂಟಿಕೇಶನ್-ಕೀ 10 ಎಂಡಿ5 (ನಿಮ್ಮ ಗುಟ್ಟಿನ ಪದ)
ಎನ್‌ಟಿಪಿ ಟ್ರಸ್ಟೆಡ್-ಕೀ 10
ಎನ್‌ಟಿಪಿ ಅಥೆಂಟಿಕೇಟ್

ಆಮೇಲೆ ಬಾಗಲಕೋಟೆಯಲ್ಲಿ ಮಾತ್ರ: ಎನ್‌ಟಿಪಿ ಸರ್ವರ್ (ಬೆಳಗಾವಿ ರೂಟರ್ ಐಪಿ) ಕೀ 10.

ಕೊನೆಯ ಆ 'ಕೀ 10' ಬಿಟ್ಟುಹೋದರೆ ಉಳಿದದ್ದೆಲ್ಲ ಸುಮ್ನೆ. ಅಥೆಂಟಿಕೇಟ್ ಆನ್ ಇದ್ದರೂ ಆ ಸರ್ವರ್ ಕೊಟ್ಟ ಟೈಮನ್ನು ರೂಟರ್ ಪರೀಕ್ಷೆ ಇಲ್ಲದೆ ಒಪ್ಪಿಕೊಳ್ಳುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ. ಕೀ ನಂಬರ್ ಮತ್ತು ಪದ ಎರಡೂ ಕಡೆ ಒಂದೇ ಇರಬೇಕು.

ಐದ್ಹತ್ತು ನಿಮಿಷ ಬಿಟ್ಟು 'ಶೋ ಎನ್‌ಟಿಪಿ ಅಸೋಸಿಯೇಷನ್ಸ್ ಡೀಟೇಲ್' ಕೊಡಿ. ಬೆಳಗಾವಿ ಐಪಿ ಮುಂದೆ 'ಅಥೆಂಟಿಕೇಟೆಡ್' ಅಂತ ಕಾಣಬೇಕು. ಬರೀ 'ಸಿಂಕ್ರೊನೈಸ್ಡ್' ನೋಡಿ ಸಮಾಧಾನ ಪಡಬೇಡಿ. ಅದು ಟೈಮ್ ಸಿಕ್ಕಿದೆ ಎನ್ನುತ್ತದೆ, ಯಾರಿಂದ ಸಿಕ್ಕಿತು ಅನ್ನುವುದಕ್ಕೆ ಖಾತ್ರಿ ಕೊಡುವುದಿಲ್ಲ. ಯಾರೋ ಸುಳ್ಳು ಟೈಮ್ ತೂರಿಸಿದರೆ ವಿಪಿಎನ್ ಸರ್ಟಿಫಿಕೇಟ್ ಫೇಲ್ ಆಗಬಹುದು, ಎರಡು ಊರಿನ ಲಾಗ್ ಒಂದಕ್ಕೊಂದು ತಾಳೆ ಆಗುವುದಿಲ್ಲ.

ಬೇರೆಯವರು ನಿಮ್ಮ ಸರ್ವರ್‌ನಿಂದ ಟೈಮ್ ತಗೊಳ್ಳಲೇಬಾರದು ಅನ್ನುವುದಾದರೆ ಅದಕ್ಕೆ ಕೀ ಅಲ್ಲ, 'ಎನ್‌ಟಿಪಿ ಆಕ್ಸೆಸ್-ಗ್ರೂಪ್' (ಯಾವ ಐಪಿಗೆ ಏನು ಅನುಮತಿ ಎನ್ನುವ ಪಟ್ಟಿ) ಬೇಕು. ಬಾಗಲಕೋಟೆ ಐಪಿಯನ್ನು 'ಸರ್ವ್-ಓನ್ಲಿ' (ಟೈಮ್ ಕೇಳಲು ಮಾತ್ರ ಅನುಮತಿ) ಪಟ್ಟಿಗೆ ಹಾಕಿ. ಬೆಳಗಾವಿ ರೂಟರ್ ತಾನು ಟೈಮ್ ತಗೊಳ್ಳುವ ಮೇಲಿನ ಸರ್ವರ್‌ಗಳನ್ನು 'ಪಿಯರ್' ಪಟ್ಟಿಗೆ ಸೇರಿಸಲು ಮರೆಯಬೇಡಿ. ಸೇರಿಸದಿದ್ದರೆ ಬೆಳಗಾವಿ ರೂಟರ್‌ಗೇ ಟೈಮ್ ಸಿಗುವುದು ನಿಲ್ಲುತ್ತದೆ.

ಇನ್ನೊಂದು ಮಾತು. ಎಂಡಿ5 ಈಗ ದುರ್ಬಲ. 2019ರ ಆರ್‌ಎಫ್‌ಸಿ 8573 (ಇಂಟರ್ನೆಟ್ ಮಾನದಂಡದ ದಾಖಲೆ) ಅದರ ಬದಲು ಎಇಎಸ್-ಸಿಮ್ಯಾಕ್ ಎಂಬ ಗಟ್ಟಿ ವಿಧಾನ ಬಳಸಿ ಎಂದಿದೆ. ಕೀ ಸಾಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿ ನೋಡಿ. ಎರಡೂ ರೂಟರ್‌ನಲ್ಲಿ ಆ ಆಯ್ಕೆ ಕಂಡರೆ ಅದನ್ನೇ ಹಾಕಿ.