ಬಾವಿಯ ಚೌಡಿ, ಕೋಪ್‌ಟನ್ನಿನ ಕಾಡ್

ಕಾಡ್ ಎಂದ ಕೂಡಲೇ ನಮಗೆ ನೆನಪಾಗುವುದು ಔಷಧದಂಗಡಿಯ ಮೀನೆಣ್ಣೆಯ ಹಳದಿ ಗುಳಿಗೆ. ಆ ಎಣ್ಣೆ ಕೊಡುವ ಕಾಡ್ ಅಟ್ಲಾಂಟಿಕ್ ಸಾಗರದ ಮೀನು. ನಾನು ಹೇಳಹೊರಟಿರುವ ಮರ್ರೆ ಕಾಡ್ ಆಸ್ಟ್ರೇಲಿಯದ ಸಿಹಿನೀರಿನದು. ಹೆಸರೊಂದನ್ನು ಬಿಟ್ಟರೆ ಇವೆರಡರ ನಡುವೆ ಯಾವ ನಂಟೂ ಇಲ್ಲ. ಹೊಸ ನಾಡಿಗೆ ಬಂದಿಳಿದ ಬ್ರಿಟಿಷರು ಕಂಡದ್ದಕ್ಕೆಲ್ಲ ತಮ್ಮೂರಿನ ಹೆಸರನ್ನೇ ಇಟ್ಟುಕೊಂಡು ಹೋದರು. ವೈಜ್ಞಾನಿಕ ಹೆಸರಿನ ಕಥೆ ಇನ್ನೂ ಸ್ವಾರಸ್ಯದ್ದು. 1818ರಲ್ಲಿ ಅನ್ವೇಷಕ ಜಾನ್ ಆಕ್ಸ್‌ಲಿ ಅಲ್ಲಿನ ಒಂದು ನದಿಗೆ ರಾಜಕಾರಣಿ ರಾಬರ್ಟ್ ಪೀಲ್‌ನ ಹೆಸರಿಟ್ಟ. ಆ ನದಿಯಲ್ಲಿ ಸಿಕ್ಕ ಮೀನನ್ನು ಭೂಮಾಪಕ ಥಾಮಸ್ ಮಿಚೆಲ್ 1838ರಲ್ಲಿ ವರ್ಣಿಸಿ ‘ಪೀಲಿಯೈ’ ಎಂದು ಕರೆದ. ಲಂಡನ್ನಿಗೆ ಪೊಲೀಸ್ ಪಡೆ ಕಟ್ಟಿಕೊಟ್ಟವನ ಹೆಸರು ಹೀಗೆ, ಅವನು ಎಂದೂ ಕಾಣದ ಮೀನಿಗೆ ಅಂಟಿಕೊಂಡಿತು. ಮರ್ರೆ ನದಿ ಕಡಲು ಸೇರುವ ಕಡೆಯ ಮೂಲನಿವಾಸಿಗಳಾದ ನಾರಿಂಜೆರಿ ಜನ ಅದನ್ನು ಪೊಂಡಿ ಎನ್ನುತ್ತಾರೆ. ಪೂರ್ವಜ ಙುರುಂಡೆರಿ ಅಟ್ಟಿಸಿಕೊಂಡು ಬಂದಾಗ ಈ ದೈತ್ಯ ಮೀನು ಬಾಲ ಬೀಸಿದ ಕಡೆಯೆಲ್ಲ ನದಿಗೆ ತಿರುವು ಬಿತ್ತು ಎಂಬುದು ಅವರ ಕಥೆ. ಪೊಲೀಸಪ್ಪನ ಹೆಸರಿಗಿಂತ ಇದೇ ಮೀನಿಗೆ ಒಪ್ಪುತ್ತದೆ. 1902ರಲ್ಲಿ ವಾಲ್ಗೆಟ್ ಬಳಿ ಸಿಕ್ಕಿದ ಒಂದು ಮರ್ರೆ ಕಾಡ್ 113.6 ಕಿಲೋ ತೂಗಿತ್ತು!

ಈಗ ಶೀರ್ಷಿಕೆಯ ಕೋಪ್‌ಟನ್ನಿಗೆ ಬರೋಣ. ನ್ಯೂ ಸೌತ್ ವೇಲ್ಸ್ ರಾಜ್ಯದ ಇನ್ವರೆಲ್ ಪಟ್ಟಣದ ಹತ್ತಿರ, ಗ್ವೈಡರ್ ನದಿಗೆ ಅಡ್ಡಲಾಗಿ ಕೋಪ್‌ಟನ್ ಅಣೆಕಟ್ಟಿದೆ. ಅದು ಹಿಡಿಯುವ ನೀರು ಸುಮಾರು 48 ಟಿಎಂಸಿ. ನಮ್ಮ ಕನ್ನಂಬಾಡಿಯದು 49.45. ಹೆಚ್ಚುಕಡಿಮೆ ಅಷ್ಟೇ ನೀರು, ಆದರೆ ಕಟ್ಟೆಯ ಎತ್ತರ 113 ಮೀಟರ್, ಕನ್ನಂಬಾಡಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಈ ಆಳವನ್ನು ನೆನಪಿನಲ್ಲಿಡಿ, ಮುಂದಿನ ಆಟವೆಲ್ಲ ಅದರದೇ.

ಅಲ್ಲಿನ ಚಳಿಗಾಲ ಜೂನ್‌ನಿಂದ ಆಗಸ್ಟ್‌ವರೆಗೆ. ಮಲ್ಪೆಯ ಯಾಂತ್ರಿಕ ದೋಣಿಗಳು ಮಳೆಗಾಲದ ನಿಷೇಧಕ್ಕೆ ದಡದಲ್ಲಿ ಕಟ್ಟಿಬಿದ್ದಿರುವ ಹೊತ್ತಿಗೆ ಕೋಪ್‌ಟನ್ನಿನಲ್ಲಿ ಗಾಳಗಾರರ ಸುಗ್ಗಿ. ಬೆಳಗಿನ ಜಾವ ಹುಲ್ಲಿನ ಮೇಲೆಲ್ಲ ಬಿಳಿ ಮಂಜುಗಡ್ಡೆಯ ಪುಡಿ. ದಾರ ಸುತ್ತಿದಂತೆಲ್ಲ ಅದು ಹೊತ್ತು ತರುವ ನೀರಹನಿ ಕೋಲಿನ ಉಂಗುರಗಳಲ್ಲಿ ಕಟ್ಟಿಕೊಂಡು ಗಾಜಿನಂಥ ಬಿಲ್ಲೆಯಾಗುತ್ತದೆ. ಅದನ್ನು ಉಗುರಿನಿಂದ ಕೆರೆದು ಮತ್ತೆ ಎಸೆಯಬೇಕು. ಇಷ್ಟೆಲ್ಲ ಪಾಡು ‘ಮೀಟರ್ ಮೀನಿ’ಗಾಗಿ, ಎಂದರೆ ನೂರು ಸೆಂಟಿಮೀಟರ್ ದಾಟಿದ ಕಾಡ್‌ಗಾಗಿ. ಅದನ್ನು ಮನೆಗೆ ಒಯ್ಯುವಂತೆಯೂ ಇಲ್ಲ. 55ರಿಂದ 75 ಸೆಂಟಿಮೀಟರ್ ಉದ್ದದ್ದನ್ನು ಮಾತ್ರ ಇಟ್ಟುಕೊಳ್ಳಬಹುದು, ಉಳಿದದ್ದು ನೀರಿಗೆ ವಾಪಸ್.

ಮೀನು ಶೀತರಕ್ತದ ಪ್ರಾಣಿ, ಚಳಿಗೆ ಮಂಕಾಗಬೇಕಲ್ಲವೇ? ಹಾಗಿದ್ದೂ ದೊಡ್ಡ ಮೀನು ಹುಡುಕುವವರು ಚಳಿಗಾಲವನ್ನೇ ಏಕೆ ಆರಿಸಿಕೊಳ್ಳುತ್ತಾರೆ? ಗಾಳಗಾರರನ್ನು ಕೇಳಿದರೆ ಒಬ್ಬ ಚಂದ್ರನತ್ತ ಕೈ ತೋರುತ್ತಾನೆ, ಇನ್ನೊಬ್ಬ ಮೊಬೈಲಿನಲ್ಲಿ ವಾಯುಭಾರದ ಅಂಕಿ ತೋರಿಸುತ್ತಾನೆ. ಒತ್ತಡ ಏರುತ್ತಿದ್ದರೆ ಮೀನು ಕಚ್ಚುತ್ತದೆ, ಇಳಿದರೆ ಬಾಯಿ ಮುಚ್ಚುತ್ತದೆ ಎಂಬುದು ಈ ಎರಡನೆಯವನ ನಂಬಿಕೆ. ಮಾಪಕ ಹಿಡಿದು ಹೇಳುವುದರಿಂದ ಇದು ವಿಜ್ಞಾನದ ವೇಷ ಹಾಕಿಕೊಂಡಿದೆ, ಆದ್ದರಿಂದಲೇ ನನಗೆ ಇದರ ಮೇಲೆ ಹೆಚ್ಚು ಸಿಟ್ಟು. ಲೆಕ್ಕ ಸಣ್ಣದು. ಒಂದು ಹೆಕ್ಟೊಪ್ಯಾಸ್ಕಲ್ ಒತ್ತಡವೆಂದರೆ ಸುಮಾರು ಒಂದು ಸೆಂಟಿಮೀಟರ್ ನೀರಿನ ಭಾರ. ಎರಡು ದಿನಗಳಲ್ಲಿ ವಾಯುಭಾರ ಇಪ್ಪತ್ತು ಹೆಕ್ಟೊಪ್ಯಾಸ್ಕಲ್ ಕುಸಿಯಿತು ಎನ್ನಿ. ಮೀನು ತೇಲಲು ನೆರವಾಗುವ ಅದರ ಒಡಲಿನ ಗಾಳಿಚೀಲಕ್ಕೆ ಅದು ಇಪ್ಪತ್ತು ಸೆಂಟಿಮೀಟರ್ ಮೇಲೆ ಬಂದಷ್ಟೇ. ಅರ್ಧ ಮೀಟರ್ ಏರಿ ಒಂದು ಸಿಗಡಿ ಹಿಡಿದರೆ ಮೀನು ಆ ಕ್ಷಣದಲ್ಲಿ ಒಂದು ಭಾರೀ ಚಂಡಮಾರುತದ ಒತ್ತಡ ಕುಸಿತವನ್ನೇ ಅನುಭವಿಸಿರುತ್ತದೆ. ಒತ್ತಡದ ಜೊತೆಗೆ ಮೋಡ, ಗಾಳಿ, ಬೆಳಕು ಬದಲಾಗುತ್ತವೆ, ಮೀನು ಅವಕ್ಕೆ ಓಗೊಡುತ್ತಿದ್ದರೆ ನನ್ನ ತಕರಾರಿಲ್ಲ. ಆದರೆ ಉತ್ತರ ಆಕಾಶದಲ್ಲಿಲ್ಲ, ನೀರಿನೊಳಗಿದೆ.

ನಾನು ಈಜು ಕಲಿತದ್ದು ತೋಟದ ತೆರೆದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಏಪ್ರಿಲ್ ಮಧ್ಯಾಹ್ನ ಎದೆಮಟ್ಟದ ನೀರು ಬೆಚ್ಚಗಿರುತ್ತಿತ್ತು. ಬುರುಡೆ ಬಿಚ್ಚಿ ಮೊದಲ ಸಲ ನೆಟ್ಟಗೆ ಮುಳುಗಿದಾಗ, ಪಾದಕ್ಕೆ ಫಕ್ಕನೆ ಐಸಿನಂಥ ನೀರು ತಗುಲಿತು. ನಿಧಾನವಾಗಿ ತಣ್ಣಗಾಗಿದ್ದಲ್ಲ, ಗೆರೆ ಎಳೆದಂತೆ. ಅದು ಬಾವಿಯ ಚೌಡಿ, ಆಳಕ್ಕೆ ಹೋದ ಹುಡುಗರ ಕಾಲು ಹಿಡಿಯುತ್ತಾಳೆ ಎಂದು ಹಿರಿಯರು ಹೆದರಿಸಿದ್ದರು. ಹೆದರಿಸಿದ್ದರ ಉದ್ದೇಶ ಒಳ್ಳೆಯದೇ, ವಿವರಣೆ ಮಾತ್ರ ತಪ್ಪು. ಅಂದು ನನ್ನ ಕಾಲು ಹಿಡಿದದ್ದು ನೀರಿನ ಸಾಂದ್ರತೆ.

ಬಚ್ಚಲ ಹಂಡೆಗೆ ಬೆಂಕಿ ಕೆಳಗಿನಿಂದ. ತಳದ ನೀರು ಕಾದು ಹಗುರಾಗಿ ಮೇಲೇರುತ್ತದೆ, ಮೇಲಿನದು ಇಳಿಯುತ್ತದೆ, ಹಂಡೆಯೆಲ್ಲ ತಾನಾಗಿ ಕಲಕಿಕೊಳ್ಳುತ್ತದೆ. ಜಲಾಶಯಕ್ಕೆ ಬೆಂಕಿ ಮೇಲಿನಿಂದ, ಸೂರ್ಯನದು. ಕಾದ ನೀರು ಈಗಾಗಲೇ ಮೇಲಿದೆ, ಇನ್ನೆಲ್ಲಿಗೆ ಏರಬೇಕು? ಸಾರಿನ ಮೇಲಿನ ತುಪ್ಪದಂತೆ ತೇಲಿಕೊಂಡಿರುತ್ತದೆ. ತುಪ್ಪದ ಹೋಲಿಕೆ ಸಾಲದು, ಏಕೆಂದರೆ ಇಲ್ಲಿ ಮೇಲಿನದೂ ನೀರೇ, ಕೆಳಗಿನದೂ ನೀರೇ. ಆದ್ದರಿಂದ ತಾರಸಿಯ ಸೌರ ಹೀಟರ್ ನೋಡಿ: ಬಿಸಿನೀರಿನ ಕೊಳವೆ ತೊಟ್ಟಿಯ ಮೇಲ್ಭಾಗದಲ್ಲಿರುತ್ತದೆ, ತಣ್ಣೀರು ಬುಡದಿಂದ ಬರುತ್ತದೆ, ಒಂದೇ ತೊಟ್ಟಿಯಲ್ಲಿ ನಡುವೆ ಯಾವ ತಟ್ಟೆಯೂ ಇಲ್ಲದೆ ಎರಡೂ ಬೇರೆಬೇರೆಯಾಗಿಯೇ ಇರುತ್ತವೆ. ಈ ಬೇಲಿ ಎಷ್ಟು ತೆಳುವೆಂದರೆ, ಸಾವಿರ ಲೀಟರಿನ ಒಂದು ಟ್ಯಾಂಕಿಗೆ 25 ಡಿಗ್ರಿಯ ನೀರನ್ನೂ ಅಂಥದೇ ಇನ್ನೊಂದಕ್ಕೆ 10 ಡಿಗ್ರಿಯ ನೀರನ್ನೂ ತುಂಬಿ ತೂಗಿದರೆ ಸಿಗುವ ವ್ಯತ್ಯಾಸ ಬರೀ 2.65 ಕಿಲೋ, ಮೂರು ಸೇರು ಅಕ್ಕಿಯಷ್ಟೂ ಅಲ್ಲದ ಭಾರ. ಅಷ್ಟು ಸಾಕು. ಬೇಸಿಗೆಯ ಗಾಳಿ ಎಷ್ಟೇ ಬೀಸಿದರೂ ಮೇಲಿನ ಕೆಲವು ಮೀಟರುಗಳನ್ನು ಕಲಕಿ ಸುಮ್ಮನಾಗುತ್ತದೆ, ಆ ಗೆರೆ ದಾಟುವುದಿಲ್ಲ.

ಗೆರೆಯ ಕೆಳಗಿನ ನೀರಿಗೆ ಗಾಳಿಯ ಸಂಪರ್ಕ ತಪ್ಪಿತು. ಮೇಲಿನಿಂದ ಉದುರುವ ಎಲೆ, ಸತ್ತ ಪಾಚಿ ತಳದಲ್ಲಿ ಕೊಳೆಯುತ್ತ ಇದ್ದ ಆಮ್ಲಜನಕವನ್ನು ಮುಗಿಸುತ್ತವೆ. ಬೇಸಿಗೆಯಲ್ಲಿ ಮೀನಿಗೆ ನೂರು ಮೀಟರ್ ಆಳದ ಬಂಗಲೆಯಿದ್ದರೂ ವಾಸಕ್ಕೆ ಯೋಗ್ಯವಾದದ್ದು ಮೇಲಿನ ಅಂತಸ್ತು ಮಾತ್ರ.

ಕೋಪ್‌ಟನ್ನಿನಲ್ಲಿ ಮೇ ತಿಂಗಳಿನ ಹೊತ್ತಿಗೆ ರಾತ್ರಿಗಳು ತಣ್ಣಗಾಗುತ್ತವೆ. ಮೇಲ್ಮೈ ನೀರು ಚಳಿಗೆ ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನ ತುಸು ಬೆಚ್ಚಗಿನದು ಮೇಲೆ ಬರುತ್ತದೆ, ಅದೂ ತಣ್ಣಗಾಗಿ ಇಳಿಯುತ್ತದೆ. ಈಗ ಜಲಾಶಯ ನಿಜಕ್ಕೂ ಹಂಡೆಯಾಯಿತು, ಕಲಕುವುದು ಮಾತ್ರ ಬೆಂಕಿಯಲ್ಲ, ಚಳಿ. ಒಂದು ದಿನ ಮೇಲಿಂದ ಕೆಳಗಿನವರೆಗೆ ಒಂದೇ ತಾಪಮಾನ, ಗೆರೆ ಅಳಿಸಿಹೋಗಿರುತ್ತದೆ. ಆಮೇಲೆ ಸಣ್ಣ ಗಾಳಿ ಬೀಸಿದರೂ ಇಡೀ ಜಲಾಶಯ ಮಗುಚಿಕೊಂಡು ಉಸಿರಾಡುತ್ತದೆ. (ಯುರೋಪಿನ ಹೆಪ್ಪುಗಟ್ಟುವ ಸರೋವರಗಳಲ್ಲಿ ಈ ಮಗುಚುವಿಕೆ ವರ್ಷಕ್ಕೆ ಎರಡು ಸಲ. ಕೋಪ್‌ಟನ್ ನೀರು ಅತಿ ಭಾರವಾಗುವ 4 ಡಿಗ್ರಿಗೆ ಇಳಿಯುವುದಿಲ್ಲ, ಅಲ್ಲಿ ಒಂದೇ ಸಲ.) ತಣ್ಣೀರು ಆಮ್ಲಜನಕವನ್ನೂ ಹೆಚ್ಚು ಹಿಡಿಯುತ್ತದೆ: ಸಮುದ್ರಮಟ್ಟದಲ್ಲಿ ಲೀಟರಿಗೆ 25 ಡಿಗ್ರಿಯಲ್ಲಿ 8.3 ಮಿಲಿಗ್ರಾಂ, 10 ಡಿಗ್ರಿಯಲ್ಲಿ 11.3. ಬಂಗಲೆಯ ಬಾಗಿಲುಗಳೆಲ್ಲ ತೆರೆದವು. ಕಾಡ್ ಎಲ್ಲಿ ಬೇಕಾದರೂ ಇರಬಹುದು. ಮುಸ್ಸಂಜೆಗೆ ದಡದ ಬಂಡೆಗಳ ಸಂದಿಗೆ, ಮೊಣಕಾಲುದ್ದದ ನೀರಿಗೂ ಅದು ಬರುತ್ತದೆ ಎನ್ನುವುದು ಗಾಳಗಾರರ ಅನುಭವ. ಆಳಕ್ಕೆ ಎಸೆಯಲಾಗದ ಮನುಷ್ಯನಿಗೆ ಇದೇ ಅನುಕೂಲ.

ಇನ್ನು ಮಂಕಿನ ಮಾತು. ತಾಪಮಾನ ಹತ್ತು ಡಿಗ್ರಿ ಇಳಿದರೆ ಮೀನಿನ ಮೈಯ ಖರ್ಚು ಅರ್ಧಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ, ಜೀರ್ಣಕ್ಕೂ ದಿನಗಟ್ಟಲೆ ಬೇಕು. ಹಾಗೆಂದು ಹಸಿವು ಸತ್ತಿರುವುದಿಲ್ಲ, ಲೆಕ್ಕಾಚಾರ ಬದಲಾಗಿರುತ್ತದೆ ಅಷ್ಟೇ. ಹತ್ತು ಸಲ ಓಡಾಡಿ ಹತ್ತು ಸಿಗಡಿ ಹಿಡಿಯುವುದಕ್ಕಿಂತ, ಬಂಡೆಯ ಮರೆಯಲ್ಲಿ ಕಾದಿದ್ದು ಒಂದೇ ದೊಡ್ಡ ತುತ್ತು ನುಂಗುವುದು ಲಾಭ. ಅದಕ್ಕೇ ಚಳಿಗಾಲದಲ್ಲಿ ಅಲ್ಲಿನವರು ಮೊಣಕೈ ಉದ್ದದ ಕೃತಕ ಮೀನನ್ನು ದಾರಕ್ಕೆ ಕಟ್ಟುತ್ತಾರೆ. ಮುಂದಿನ ವಸಂತಕ್ಕೆ ಮೊಟ್ಟೆ ತುಂಬಿಕೊಳ್ಳಬೇಕಾದ ಹೆಣ್ಣಿಗಂತೂ ಆ ತುತ್ತು ಬೇಕೇ ಬೇಕು.

ನೀರು ಸುಮಾರು 15 ಡಿಗ್ರಿ ದಾಟಿದ ಮೇಲೆ ಮೊಟ್ಟೆಯ ಕಾಲ. ಟೊಳ್ಳು ಮರದ ದಿಮ್ಮಿಯೊಳಗೆ ಅಂಟಿಸಿದ ಮೊಟ್ಟೆಗಳನ್ನು ಗಂಡು ಕಾಯುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ರಾಜ್ಯದ ಹೆಚ್ಚಿನ ಕಡೆ ಕಾಡ್ ಹಿಡಿಯುವಂತಿಲ್ಲ, ಕೋಪ್‌ಟನ್ನಿಗೆ ವಿನಾಯಿತಿಯಿದೆ. ಅಷ್ಟರಲ್ಲಿ ಜಲಾಶಯದಲ್ಲಿ ಆ ಗೆರೆ ಮತ್ತೆ ಮೂಡಿರುತ್ತದೆ. ಹಳೆಯ ಅಣೆಕಟ್ಟುಗಳ ತೂಬು ಇರುವುದು ಆಳದಲ್ಲಿ. ಹೊಲಗಳಿಗೆಂದು ತೂಬು ಎತ್ತಿದರೆ ಹೊರಬೀಳುವುದು ಗೆರೆಯ ಕೆಳಗೆ ಕೂಡಿಟ್ಟ ಹಿಂದಿನ ಚಳಿಗಾಲ. ಕೆಳಗಿನ ನದಿಯಲ್ಲಿ ಬಿಸಿಲಿಗಾಗಿ ಕಾದಿದ್ದ ಕಾಡ್ ಹತ್ತಾರು ಕಿಲೋಮೀಟರ್ ದೂರದವರೆಗೆ ಮೊಟ್ಟೆಯಿಡದೆ ಉಳಿಯಬಹುದು, ಇಟ್ಟರೂ ಮರಿಗೆ ಆ ಚಳಿ ಒಗ್ಗುವುದಿಲ್ಲ. ಅದೇ ರಾಜ್ಯದ ಮ್ಯಾಕ್ವಾರಿ ನದಿಯ ಬರೆಂಡಾಂಗ್ ಅಣೆಕಟ್ಟಿನಲ್ಲಿ 2014ರಲ್ಲಿ ಇದಕ್ಕೊಂದು ಉಪಾಯ ಹೂಡಿದರು. ನೀರೆಳೆಯುವ ಗೋಪುರದ ಸುತ್ತ ದೊಡ್ಡ ಬಟ್ಟೆಯ ಪರದೆ ಇಳಿಬಿಟ್ಟರು, ಆಳದ ನೀರಿಗೆ ದಾರಿ ಮುಚ್ಚಿ ಮೇಲಿನ ಬಿಸಿನೀರು ಮಾತ್ರ ಪರದೆಯ ಅಂಚು ದಾಟಿ ಒಳಗಿಳಿಯುವಂತೆ. ತಾರಸಿಯ ಹೀಟರಿನ ಕೊಳವೆಯೂ ತೊಟ್ಟಿಯ ಮೇಲ್ಗಡೆಯಿಂದಲೇ ನೀರೆಳೆಯುತ್ತದೆ.