ನೆರಳಿನ ಅಂಚನ್ನು ಓದುವುದು: ಮೋಡ, ಬಿಸಿಲು ಮತ್ತು ಹೊರಾಂಗಣ ಛಾಯಾಗ್ರಹಣ

ಹೊರಾಂಗಣ ಛಾಯಾಗ್ರಹಣಕ್ಕೆ ಹೊಸದಾಗಿ ತೊಡಗಿದವರಲ್ಲಿ ಹೆಚ್ಚಿನವರು ಮೋಡ ಕವಿದ ದಿನವೆಂದರೆ ಬೆಳಕು ಸಾಲದ ದಿನವೆಂದೇ ಎಣಿಸುತ್ತಾರೆ. ಬೆಳಕು ತಗ್ಗುವುದು ನಿಜ, ಆದರೆ ಅದಕ್ಕಿಂತ ಮೊದಲು ಗಮನಿಸಬೇಕಾದದ್ದು ಬೆಳಕಿನ ಆಕರದ ಗಾತ್ರವೇ ಬದಲಾಗುವುದನ್ನು. ನಮ್ಮ ಕಣ್ಣಿಗೆ ಕಾಣುವ ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ; ಅಷ್ಟು ಚಿಕ್ಕ ಆಕರದಿಂದ ಬರುವ ಬೆಳಕು ಕಪ್ಪಾದ, ಅಂಚು ಚೂಪಾದ ನೆರಳನ್ನು ಬೀಳಿಸುತ್ತದೆ. ಮೋಡ ದಟ್ಟವಾಗಿ ಹರಡಿದಾಗ ಅದರೊಳಗಿನ ನೀರಹನಿಗಳು ಬಿಸಿಲನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಇಡೀ ಆಕಾಶವೇ ಒಂದು ದೊಡ್ಡ ದೀಪವಾಗುತ್ತದೆ, ನೆರಳು ಕರಗುತ್ತದೆ.

ಇದನ್ನು ಕಲಿಯಲು ಲಾಲ್‌ಬಾಗಿನ ಬಂಡೆಯಷ್ಟು ಒಳ್ಳೆಯ ಜಾಗ ಬೆಂಗಳೂರಿನಲ್ಲಿ ನನಗೆ ಬೇರೆ ಕಂಡಿಲ್ಲ, ಏಕೆಂದರೆ ಅಲ್ಲಿ ತಲೆಯ ಮೇಲೆ ಮರದ ಮರೆ ಇಲ್ಲ. ಬಂಡೆಯಿಂದ ಒಂದು ಮೀಟರ್ ಎತ್ತರದಲ್ಲಿ ಅಂಗೈ ಹಿಡಿದು ನೆರಳನ್ನು ನೋಡಿ. ಸೂರ್ಯ ನೆತ್ತಿಯ ಮೇಲಿರುವ ತಿಳಿಬಿಸಿಲಿನಲ್ಲೂ ಅದರ ಅಂಚು 9 ಮಿಲಿಮೀಟರಿನಷ್ಟು ಮಸುಕಾಗಿರುತ್ತದೆ. ತೆಳುಮೋಡ ಅಡ್ಡ ಬಂದರೆ ಬೆರಳುಗಳ ನಡುವಿನ ಸಂದು ಕಲಸಿಹೋಗುತ್ತದೆ. ಕಾರ್ಮೋಡ ಕವಿದರೆ ಕೈಯ ನೆರಳೇ ಗುರುತು ಸಿಗದು. ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಹೀಗೆ ನೆರಳನ್ನು ಓದುವ ರೂಢಿ, ನನ್ನ ಮಟ್ಟಿಗೆ, ಯಾವ ಹೊಸ ಲೆನ್ಸಿಗಿಂತಲೂ ಹೆಚ್ಚು ಉಪಕಾರಿ.

ಎಕ್ಸ್‌ಪೋಷರ್ (ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕೆಂಬ) ಲೆಕ್ಕಕ್ಕೂ ಇದೇ ನೆರಳು ಆಧಾರ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100 ಇದ್ದು ಶಟರ್ ವೇಗ (ಬೆಳಕು ಒಳಬರುವ ಅವಧಿ) ಸೆಕೆಂಡಿನ 1/100 ಇದ್ದರೆ, ಅಂಚು ಸ್ಪಷ್ಟವಾಗಿರುವ ಬಿಸಿಲಿಗೆ ಎಫ್/16, ಅಂಚು ಮಸುಕಾದಾಗ ಎಫ್/11, ನೆರಳು ಕಾಣದಂತಾದಾಗ ಎಫ್/8 ಅಥವಾ ಅದಕ್ಕೂ ಅಗಲವಾದ ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಬೇಕಾಗುತ್ತದೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ಅಗಲ.

ಗಾಂಧಿ ಬಜಾರಿನ ಹೂವಿನ ಸಾಲಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ನಡುಹಗಲ ಬಿಸಿಲಿನಲ್ಲಿ ಮಲ್ಲಿಗೆಯ ದಂಡೆ ಎಸಳುಗಳ ಗುರುತೇ ಇಲ್ಲದ ಬಿಳಿ ಪಟ್ಟಿಯಾಗುತ್ತದೆ, ಅದನ್ನು ಮೊಳ ಹಾಕುತ್ತಿರುವ ಕೈ ಕಪ್ಪು ನೆರಳಿನಲ್ಲಿ ಮುಳುಗುತ್ತದೆ. ಮೋಡ ಮುಚ್ಚಿದ ಹತ್ತೇ ನಿಮಿಷದಲ್ಲಿ ಮೊಗ್ಗಿನ ತುದಿಯ ನಸುಹಸಿರು, ಬಾಳೆನಾರಿನ ಗಂಟು, ಬೆರಳಿನ ಗೆರೆ ಎಲ್ಲವೂ ಒಂದೇ ಚಿತ್ರದಲ್ಲಿ ಉಳಿಯುತ್ತವೆ. ಹೂವು, ಮುಖ, ನೇಯ್ದ ಬಟ್ಟೆ ಇವುಗಳಿಗೆ ಮೋಡದ ಬೆಳಕೇ ಒಪ್ಪುತ್ತದೆ. ಕಲ್ಲಿನ ಕೆತ್ತನೆಗೆ ಮಾತ್ರ ಬದಿಯಿಂದ ಬೀಳುವ ಬಿಸಿಲು ಬೇಕು. ನೆರಳಿಲ್ಲದೆ ಅದರ ಆಳ ಕಾಣುವುದಿಲ್ಲ.

ಮೋಡದ ದಿನ ಆಕಾಶವನ್ನು ಚೌಕಟ್ಟಿನೊಳಗೆ ಸೇರಿಸುವಾಗ ಎಚ್ಚರ ಅಗತ್ಯ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಕಂಡದ್ದೆಲ್ಲವನ್ನೂ ಮಧ್ಯಮ ಬೂದುಬಣ್ಣಕ್ಕೆ ಇಳಿಸಲು ಯತ್ನಿಸುವುದರಿಂದ, ಬಿಳಿ ಆಕಾಶ ಹೆಚ್ಚಾದಷ್ಟೂ ಕೆಳಗಿನ ಕಟ್ಟಡ ಕಪ್ಪಾಗುತ್ತದೆ. ನಾನು ಕಲಿಯುತ್ತಿದ್ದ ಮೊದಲ ಮಳೆಗಾಲದಲ್ಲಿ ಹೈಕೋರ್ಟ್ ಇರುವ ಅಠಾರಾ ಕಚೇರಿಯ ಕೆಂಪು ಗೋಡೆ ಒಂದಿಡೀ ಬೆಳಗಿನ ಚಿತ್ರಗಳಲ್ಲಿ ಇದ್ದಿಲಿನಂತೆ ಬಂದದ್ದು ಇದರಿಂದಲೇ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ (ಅಂದರೆ ಬೆಳಕು ಇಮ್ಮಡಿಯಾಗುವಷ್ಟು) ಏರಿಸಬೇಕು, ಇಲ್ಲವೇ ಆಕಾಶವನ್ನು ಆದಷ್ಟು ಹೊರಗಿಡಬೇಕು.

ಬಣ್ಣದ ವಿಷಯ ಚಿಕ್ಕದು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಸಂಖ್ಯೆ ಏರಿದಷ್ಟೂ ಬೆಳಕು ನೀಲಿಯತ್ತ ವಾಲುತ್ತದೆ. ನಡುಹಗಲ ಬಿಸಿಲು ಸುಮಾರು 5500 ಕೆಲ್ವಿನ್, ಮೋಡದ ಬೆಳಕು ಸುಮಾರು 6500. ಆದ್ದರಿಂದ ವೈಟ್ ಬ್ಯಾಲೆನ್ಸನ್ನು (ಬಣ್ಣ ಸರಿದೂಗಿಸುವ ಕ್ಯಾಮೆರಾದ ಹೊಂದಿಕೆಯನ್ನು) ಮೋಡದ ಗುರುತಿಗೆ ತಿರುಗಿಸಿದರೆ ನೀಲಿ ಛಾಯೆ ಹೋಗುತ್ತದೆ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ಮಧ್ಯಭಾಗದಲ್ಲಿಯೂ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ದಿನಗಳ ನಡುಹಗಲ ಬಿಸಿಲು ಕಣ್ಣಿನ ಗೂಡುಗಳನ್ನು ಕಪ್ಪಾಗಿಸಿ ಮುಖವನ್ನು ಕೆಡಿಸುತ್ತದೆ. ಸೂರ್ಯ ಇಲ್ಲಿ ಕಡಿದಾಗಿ ಏರುವುದರಿಂದ ಮುಂಜಾನೆಯ ಹೊಂಬಿಸಿಲು ಬೇಗ ಮುಗಿಯುತ್ತದೆ, ಉತ್ತರದ ದೇಶಗಳವರು ಹೇಳುವಷ್ಟು ಹೊತ್ತು ಅದು ನಮಗೆ ಸಿಗದು. ಆದರೆ ಮೇ ತಿಂಗಳ ಸಂಜೆ ಮಳೆ ನಿಂತ ಕೂಡಲೇ ಪಡುವಣದ ಮೋಡದಡಿಯಿಂದ ಇಳಿಬಿಸಿಲು ಹಾಯ್ದು, ಮೂಡಣದ ಕಾರ್ಮೋಡದ ಎದುರು ಮರಗಳು ಬೆಳಗುವ ಕೆಲವು ನಿಮಿಷಗಳಿವೆ. ಅದಕ್ಕಾಗಿ ಸೂರ್ಯನಿಗೆ ಬೆನ್ನು ಮಾಡಿ ನಿಂತು ಕಾಯಬೇಕು. ಬಿಸಿಲು ಬರದೇ ಹೋದರೆ ಕಬ್ಬನ್ ಪಾರ್ಕಿನ ತೊಯ್ದ ಎಲೆಗಳತ್ತ ತಿರುಗಿ ಲೆನ್ಸಿನ ಮುಂದಿನ ಪೋಲರೈಸರನ್ನು (ಹೊಳಪು ತಗ್ಗಿಸುವ ಫಿಲ್ಟರನ್ನು) ಹೊರಳಿಸಿ: ಎಲೆಯ ಮೇಲಿನ ಬಿಳಿ ಹೊಳಪು ಇಳಿದು ಹಸಿರು ಮೇಲೆ ಬರುತ್ತದೆ, ಅದಕ್ಕೆ ತೆರಬೇಕಾದದ್ದು ಒಂದೂವರೆ ಎರಡು ಸ್ಟಾಪಿನಷ್ಟು ಬೆಳಕು.